ಕಾವಿ ನೆಲಕ್ಕೆ ಒಪ್ಪುವ ಟೈಲ್: ನಮ್ಮ ಅಡುಗೆಮನೆಯ ಗೋಡೆಯ ಕೆಲಸ

ಚಿಕ್ಕಮಗಳೂರು ಪೇಟೆಯಿಂದ ಸ್ವಲ್ಪ ಹೊರಗಿರುವ ನಮ್ಮ ಹಳೆಯ ಮನೆಯ ಅಡುಗೆಕೋಣೆಯಲ್ಲಿ ಮುಟ್ಟಬಾರದೆಂದು ಮನೆಮಂದಿಯೆಲ್ಲ ಒಪ್ಪಿಕೊಂಡಿದ್ದ ಮೂರು ವಸ್ತುಗಳಿದ್ದವು: ತಾತನ ಕಾಲದ ಕಾವಿ ನೆಲ, ಕಡಪ ಕಲ್ಲಿನ ಅಡುಗೆ ಕಟ್ಟೆ ಮತ್ತು ಹಲಸಿನ ಮರದ ಎರಡು ಕಪಾಟು. ಕಟ್ಟೆಯ ಹಿಂದಿನ ಗೋಡೆ ಮಾತ್ರ ಕೆಟ್ಟಿತ್ತು. ಅದಕ್ಕೆ ಬಳಿದಿದ್ದ ಎಣ್ಣೆಬಣ್ಣ ಒಲೆಯ ಹಿಂದೆ ಜಿಡ್ಡು ಹಿಡಿದು ಕಂದಿತ್ತು. ಸಿಂಕಿನ ಪಕ್ಕದಲ್ಲಿ ಮಳೆಗಾಲ ಬಂದಾಗಲೆಲ್ಲ ಹಪ್ಪಳದಂತೆ ಎದ್ದು ಉದುರುತ್ತಿತ್ತು. ಕಳೆದ ಮಳೆಗಾಲದಲ್ಲಿ ಆ ಗೋಡೆಗೆ ಟೈಲ್ ಹಾಕಲು ನಿರ್ಧರಿಸಿದಾಗ ಇದು ನಾಲ್ಕು ದಿನದ ಕೆಲಸವೆಂದು ನಾನು ಭಾವಿಸಿದ್ದೆ. ಕೂರಿಸಲು ಹಿಡಿದದ್ದು ನಿಜವಾಗಿಯೂ ನಾಲ್ಕೇ ದಿನ, ಆದರೆ ಬಣ್ಣವನ್ನು ನಿರ್ಧರಿಸುವುದಕ್ಕೆ ಮೂರು ವಾರ ಬೇಕಾಯಿತು, ಮತ್ತು ಆ ಮೂರು ವಾರದ ಬಗ್ಗೆ ನನಗೆ ಈಗ ಯಾವ ಬೇಸರವೂ ಇಲ್ಲ.

ಅಡುಗೆಮನೆ ವಾಡಿಕೆಯಂತೆ ಆಗ್ನೇಯ ಮೂಲೆಯಲ್ಲಿದೆ. ಪೂರ್ವದ ಗೋಡೆ 6 ಅಡಿ, ಒಲೆ ಅಲ್ಲಿದೆ. ದಕ್ಷಿಣದ ಗೋಡೆ 10 ಅಡಿ, ಸಿಂಕ್ ಮತ್ತು ಅದರ ಮೇಲೊಂದು 4 ಅಡಿ ಅಗಲದ ಕಿಟಕಿ ಅಲ್ಲಿವೆ. ಬೆಳಕು ಬರುವುದು ಈ ಒಂದು ಕಿಟಕಿಯಿಂದ ಮಾತ್ರ, ಅದರ ಹೊರಗೆ ಹಲಸಿನ ಮರವಿದೆ. ನಮ್ಮ ಊರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಆದ್ದರಿಂದ ಜೂನ್, ಜುಲೈ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ ಮತ್ತು ದಕ್ಷಿಣದ ಕಿಟಕಿಯಿಂದ ಒಳಗೆ ಬರುವುದು ಮೋಡದ ಬೂದು ಬೆಳಕು, ಅದೂ ಹಲಸಿನ ಎಲೆಗಳ ಹಸಿರನ್ನು ಹೊತ್ತುಕೊಂಡು. ಡಿಸೆಂಬರಿನಲ್ಲಾದರೆ ಅದೇ ಕಿಟಕಿಯಿಂದ ಬಿಸಿಲು ಕಟ್ಟೆಯನ್ನು ದಾಟಿ ನೆಲದ ನಡುವಿನವರೆಗೆ ಚಾಚಿಕೊಳ್ಳುತ್ತದೆ. ಒಂದೇ ಟೈಲ್ ಈ ಎರಡೂ ಬೆಳಕಿನಲ್ಲಿ ಸಹ್ಯವಾಗಿ ಕಾಣಬೇಕು ಎಂಬುದು ನನಗೆ ಮೊದಲು ಹೊಳೆದಿರಲಿಲ್ಲ.

ಹೀಗಾಗಿ ಮೊದಲ ಭೇಟಿಯಲ್ಲಿಯೇ ತಪ್ಪು ಮಾಡಿದೆ. ಪೇಟೆಯ ಅಂಗಡಿಯೊಂದರಲ್ಲಿ ಗೋಡೆಯುದ್ದಕ್ಕೂ ಜೋಡಿಸಿಟ್ಟಿದ್ದ ಮಾದರಿಗಳನ್ನು ಒಂದು ಗಂಟೆ ನೋಡಿದೆ. ಬಹುಪಾಲು ಪೆಟ್ಟಿಗೆಗಳ ಮೇಲೆ ಗುಜರಾತಿನ ಮೋರ್ಬಿಯ ವಿಳಾಸವಿತ್ತು. ಅಂಗಡಿಯವರು ಮೊದಲು ತೋರಿಸಿದ್ದು ‘ಹೈಲೈಟರ್’ ಎಂದು ಕರೆಯುವ ಚಿತ್ರದ ಟೈಲ್‌ಗಳನ್ನು. ಅವುಗಳಲ್ಲಿ ದ್ರಾಕ್ಷಿಗೊಂಚಲು, ಕೆಂಪು ಮೆಣಸಿನಕಾಯಿ ಮತ್ತು ಹೊಗೆಯಾಡುವ ಕಾಫಿ ಕಪ್ಪಿನ ಚಿತ್ರಗಳಿದ್ದವು. ಹಿತ್ತಿಲಿನಲ್ಲಿ ಕಾಫಿ ಗಿಡವಿರುವವರ ಮನೆಯ ಗೋಡೆಯ ಮೇಲೆ ಕಾಫಿ ಕಪ್ಪಿನ ಚಿತ್ರ ಅಂಟಿಸುವ ಅಗತ್ಯ ನನಗೆ ಕಾಣಲಿಲ್ಲ. ಚಿತ್ರವಿಲ್ಲದ, ಹೊಳೆಯುವ ಬಿಳಿ ಟೈಲ್ ಒಂದನ್ನು ಆರಿಸಿಕೊಂಡೆ. ಬಿಳಿ ಯಾವ ಬಣ್ಣಕ್ಕಾದರೂ ಹೊಂದುತ್ತದೆ ಎಂಬ ಮಾತನ್ನು ನಾನೂ ನಂಬಿದ್ದೆ. ಪೂರ್ತಿ ಪೆಟ್ಟಿಗೆಗಳಿಗೆ ಹಣ ಕೊಡದೆ, ಒಂದೇ ಒಂದು ಟೈಲನ್ನು ಮನೆಗೆ ತಂದದ್ದು ಮಾತ್ರ ಆ ದಿನದ ಬುದ್ಧಿವಂತಿಕೆ.

ಮನೆಯಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದಾಗ ಅದು ಬಿಳಿಯಾಗಿರಲಿಲ್ಲ. ಕಾವಿಯ ಕೆಂಪಿನ ಪಕ್ಕದಲ್ಲಿ ಸ್ಪಷ್ಟವಾಗಿ ನೀಲಿ ಬೆರೆತ ಬಿಳಿ, ಬಟ್ಟೆಗೆ ನೀಲಿ ಹೆಚ್ಚು ಹಾಕಿದಾಗ ಬರುವಂಥದ್ದು. ಬಿಳಿಯಲ್ಲೂ ಹಾಲಿನದು, ಸುಣ್ಣದ್ದು, ಅಕ್ಕಿಹಿಟ್ಟಿನದು ಬೇರೆ ಬೇರೆ. ಪ್ರತಿಯೊಂದರ ಅಡಿಯಲ್ಲಿಯೂ ಹಳದಿಯ, ನೀಲಿಯ ಅಥವಾ ಗುಲಾಬಿಯ ಎಳೆಯೊಂದು ಇರುತ್ತದೆ. ಅದು ಒಂಟಿಯಾಗಿ ಕಾಣುವುದಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗ ಕಾಣುತ್ತದೆ. ಆ ಬಳಿಕ ನಾನು ಪ್ರತಿ ಮಾದರಿಯ ಪಕ್ಕದಲ್ಲಿಯೂ ಒಂದೇ ಬಿಳಿ ಹಾಳೆಯನ್ನು ಹಿಡಿದು ನೋಡುವ ಅಭ್ಯಾಸ ಮಾಡಿಕೊಂಡೆ. ಮುದ್ರಣದ ಹಾಳೆಗೆ ಹೊಳಪಿಗಾಗಿ ಸೇರಿಸುವ ರಾಸಾಯನಿಕದಿಂದ ಅದೂ ಹಗಲಿನಲ್ಲಿ ತುಸು ನೀಲಿಯಾಗಿಯೇ ಕಾಣುತ್ತದೆಯಾದರೂ, ಎಲ್ಲಾ ಟೈಲ್‌ಗಳಿಗೂ ಅದೇ ಹಾಳೆಯನ್ನು ಬಳಸಿದರೆ ಯಾವುದು ಹೆಚ್ಚು ಬೆಚ್ಚಗಿದೆ, ಯಾವುದು ತಣ್ಣಗಿದೆ ಎಂಬುದನ್ನು ತಿಳಿಯಲು ಅಡ್ಡಿಯಿಲ್ಲ.

ಅಂಗಡಿಯಲ್ಲಿ ಅದು ಶುದ್ಧ ಬಿಳಿಯಾಗಿ ಕಂಡದ್ದು ಏಕೆ ಎಂದು ಯೋಚಿಸಿದಾಗ ಎರಡು ಕಾರಣ ಸಿಕ್ಕವು. ಅಲ್ಲಿನ ದೀಪಗಳೆಲ್ಲ 6500 ಕೆಲ್ವಿನ್‌ನ ನಸುನೀಲಿ ಬೆಳಕಿನವು (ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನೀಲಿ, ಕಡಿಮೆಯಾದಷ್ಟೂ ಹಳದಿ), ನೆಲ ಬೂದು ಬಣ್ಣದ್ದು. ನೀಲಿಯನ್ನು ಎತ್ತಿ ತೋರಿಸುವಂಥ ಬೆಚ್ಚಗಿನ ಬಣ್ಣ ಅಲ್ಲಿ ಯಾವುದೂ ಇರಲಿಲ್ಲ. ನಮ್ಮ ಅಡುಗೆಮನೆಯ ಟ್ಯೂಬ್‌ಲೈಟ್ ಕೂಡ 6500ರದ್ದೇ ಆಗಿತ್ತು. ಟೈಲ್‌ಗಿಂತ ಮೊದಲು ದೀಪವನ್ನು ನಿರ್ಧರಿಸಬೇಕು ಎಂಬ ತೀರ್ಮಾನಕ್ಕೆ ಬಂದದ್ದು ಇಲ್ಲಿ. 3000 ಕೆಲ್ವಿನ್‌ನ ಹಳದಿ ದೀಪವನ್ನು ಹಾಕಿ ನೋಡಿದೆವು; ಕಾವಿ ನೆಲವೂ ಹಲಸಿನ ಮರವೂ ಹಬ್ಬದ ಮನೆಯಂತೆ ಕಂಡವು, ಆದರೆ ಅಕ್ಕಿಯಲ್ಲಿರುವ ಹಳದಿ ಕಾಳುಗಳನ್ನು ಆರಿಸಲಾಗುವುದಿಲ್ಲವೆಂದು ಅಮ್ಮ ಒಂದೇ ರಾತ್ರಿಗೆ ತಿರಸ್ಕರಿಸಿದರು. ಕೊನೆಗೆ 4000 ಕೆಲ್ವಿನ್‌ನ, ಸಿ.ಆರ್.ಐ. 90 ಎಂದು ನಮೂದಿಸಿದ್ದ ಎಲ್‌ಇಡಿ ಪಟ್ಟಿಯೊಂದನ್ನು ಕಟ್ಟೆಯ ಮೇಲಿನ ಕಪಾಟಿನ ಅಡಿಗೆ ಹಾಕಿದೆವು. ಸಿ.ಆರ್.ಐ. ಎಂಬುದು ದೀಪವೊಂದು ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದರ ಅಳತೆ. 100 ಅದರ ಗರಿಷ್ಠ ಮಿತಿ. ಹಳೆಯ ದೀಪದಡಿ ಕಂದು ಬಣ್ಣಕ್ಕೆ ತಿರುಗುತ್ತಿದ್ದ ಕಾವಿ ಹೊಸದರಡಿ ಮತ್ತೆ ಕೆಂಪಾಯಿತು.

ಆ ಮೇಲೆ ನಾಲ್ಕು ಮಾದರಿಗಳನ್ನು ಮುಂಗಡ ಕೊಟ್ಟು ತಂದೆ: ಮೊದಲಿನ ನೀಲಿಬಿಳಿ, ಸಿಮೆಂಟಿನಂತೆ ಕಾಣುವ ಮ್ಯಾಟ್ (ಹೊಳಪಿಲ್ಲದ) ಬೂದು, ಮಾಸಲು ಹಸಿರು ಮತ್ತು ಬೆಣ್ಣೆಬಿಳಿ. ಮಾದರಿಗಳನ್ನು ಮೇಜಿನ ಮೇಲೆ ಮಲಗಿಸಿ ನೋಡುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಮಲಗಿದ ಟೈಲ್ ಮೇಲಿನ ಬೆಳಕನ್ನು ಪಡೆಯುತ್ತದೆ, ಗೋಡೆಯ ಟೈಲ್ ಪಕ್ಕದಿಂದ ಮತ್ತು ಕೆಳಗಿನಿಂದ ಬೆಳಕನ್ನು ಪಡೆಯುತ್ತದೆ. ಆದ್ದರಿಂದ ನಾಲ್ಕನ್ನೂ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ, ಒಲೆಯ ಬಳಿ ಎರಡು ದಿನ, ಸಿಂಕಿನ ಬಳಿ ಎರಡು ದಿನ ಎಂದು ಜಾಗ ಬದಲಿಸುತ್ತ, ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ದೀಪ ಹಾಕಿದ ಮೇಲೆ ನೋಡಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿದೆ. ಮಳೆ ಬಿಡದ ವಾರವಾದ್ದರಿಂದ ಅತಿ ಕೆಟ್ಟ ಬೆಳಕಿನ ಪರೀಕ್ಷೆ ತಾನಾಗಿಯೇ ಆಯಿತು.

ಹಸಿರು ಮೊದಲು ಬಿದ್ದುಹೋಯಿತು. ಕೆಂಪು ಮತ್ತು ಹಸಿರು ಒಂದನ್ನೊಂದು ಕೆರಳಿಸುವ ಬಣ್ಣಗಳು. ಅಂಗಡಿಯಲ್ಲಿ ಮಾಸಲಾಗಿದ್ದ ಹಸಿರು ಕಾವಿಯ ಎದುರು ಗಾಢವಾಯಿತು, ಕಿಟಕಿಯ ಹಲಸಿನ ಎಲೆಯ ಬೆಳಕು ಅದಕ್ಕೆ ಇನ್ನಷ್ಟು ಸೇರಿಸಿತು. ಸರ್ಕಾರಿ ಆಸ್ಪತ್ರೆಯ ಗೋಡೆಯಂತಿದೆ ಎಂದು ಅಮ್ಮ ಹೇಳಿದ ಮೇಲೆ ಅದನ್ನು ಬೇರೆ ರೀತಿಯಲ್ಲಿ ನೋಡುವುದು ಯಾರಿಗೂ ಸಾಧ್ಯವಾಗಲಿಲ್ಲ. ಬೂದು ಬಣ್ಣದ್ದು ಹೆಚ್ಚು ಕುತೂಹಲಕರವಾಗಿತ್ತು. ಬಿಳಿ ಹಾಳೆಯ ಪಕ್ಕದಲ್ಲಿ ಯಾವ ಬಣ್ಣದ ಎಳೆಯೂ ಇಲ್ಲದ ಆ ಬೂದು, ಕಾವಿ ನೆಲದ ಹಿನ್ನೆಲೆಯಲ್ಲಿ ಪಾಚಿ ಕಟ್ಟಿದ ಕಲ್ಲಿನಂತೆ ನಸುಹಸಿರಾಗಿ ಕಂಡಿತು. ಪ್ಯಾರಿಸ್ಸಿನ ಗೋಬ್ಲಾ ಚಿತ್ರನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೊಲ್ ಈ ಸಂಗತಿಯನ್ನು 1839ರಲ್ಲಿಯೇ ವಿವರಿಸಿದ್ದ: ದಾರಕ್ಕೆ ಹಾಕಿದ ಬಣ್ಣದಲ್ಲಿ ದೋಷವಿಲ್ಲದಿದ್ದರೂ ಪಕ್ಕದ ದಾರದ ಬಣ್ಣವು ಅದನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ನಮ್ಮ ಸೀರೆ ಅಂಗಡಿಯವರು ರವಿಕೆಯ ಬಟ್ಟೆಯನ್ನು ಸೀರೆಯ ಮೇಲೆ ಹರಡಿಯೇ ತೋರಿಸುವುದಕ್ಕೂ ಇದೇ ಕಾರಣವಿರಬೇಕು.

ಉಳಿದದ್ದು ಬೆಣ್ಣೆಬಿಳಿ. ಇದರಲ್ಲಿಯೂ ಒಂದು ಅಪಾಯವಿತ್ತು. ಹಳದಿಯ ಎಳೆ ಹೆಚ್ಚಾದರೆ ಕೆಂಪು ನೆಲಕ್ಕೆ ಹೊಂದುತ್ತದೆ, ಆದರೆ ಕಡಪ ಕಲ್ಲಿನ ಪಕ್ಕದಲ್ಲಿ ಕೊಳೆಯಾದಂತೆ ಕಾಣುತ್ತದೆ, ಏಕೆಂದರೆ ಕಡಪ ಕಲ್ಲಿನ ಕಪ್ಪು ಒಣಗಿದಾಗ ನೀಲಿ ಬೂದಿನ ಕಡೆಗೆ ವಾಲುವ ತಣ್ಣಗಿನ ಕಪ್ಪು. ಅಂದರೆ ನೆಲ ಬೆಚ್ಚಗೆ, ಕಟ್ಟೆ ತಣ್ಣಗೆ. ಗೋಡೆ ಇವೆರಡರ ನಡುವೆ ನಿಲ್ಲಬೇಕು. ಅಂಗಡಿಗೆ ಮತ್ತೊಮ್ಮೆ ಹೋಗಿ, ಕಟ್ಟೆಯದೇ ಒಂದು ಒಡೆದ ಚೂರನ್ನು ಕೈಚೀಲದಲ್ಲಿ ಒಯ್ದು, ಅದರ ಪಕ್ಕದಲ್ಲಿ ಐದಾರು ಕೆನೆಬಣ್ಣಗಳನ್ನು ಇಟ್ಟು ನೋಡಿ, ಹಳದಿ ಅತಿ ಕಡಿಮೆಯಿರುವ ಒಂದನ್ನು ತಂದೆ. ಮೋಡದ ಬೆಳಕಿನಲ್ಲಿ ಅದು ಅಕ್ಕಿಹಿಟ್ಟಿನ ಬಿಳಿ, ದೀಪದ ಬೆಳಕಿನಲ್ಲಿ ತೆಳು ಬೆಣ್ಣೆ. ಇದಕ್ಕಿಂತ ಹೆಚ್ಚು ಕೇಳುವುದು ಅತಿಯಾಸೆಯೆಂದು ಅನಿಸಿತು.

ಮೇಲ್ಮೈಯ ಹೊಳಪನ್ನು ನಿರ್ಧರಿಸಿದ್ದು ಒಗ್ಗರಣೆಯಿಂದ. ಎಣ್ಣೆಗೆ ಅರಿಶಿನ ಬೆರೆಸಿ, ಪೂರ್ತಿ ಹೊಳಪಿನ, ಅರೆಹೊಳಪಿನ ಮತ್ತು ಮ್ಯಾಟ್ ಟೈಲ್‌ಗಳ ಮೇಲೆ ಸವರಿ, ಒಂದು ರಾತ್ರಿ ಬಿಟ್ಟು, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿದೆ. ಮೊದಲ ಎರಡು ಸಲೀಸಾಗಿ ಶುಚಿಯಾದವು. ಒರಟು ಮೇಲ್ಮೈಯ ಮ್ಯಾಟ್ ಟೈಲ್‌ನ ಸಣ್ಣ ಕುಳಿಗಳಲ್ಲಿ ಹಳದಿ ಉಳಿಯಿತು. ಪೂರ್ತಿ ಹೊಳಪಿನದರಲ್ಲಿ ಎಲ್‌ಇಡಿಯ ಪ್ರತಿಯೊಂದು ಚುಕ್ಕೆಯೂ ಪ್ರತಿಫಲಿಸಿ ಕಣ್ಣಿಗೆ ಚುಚ್ಚುತ್ತಿತ್ತು. ಆದ್ದರಿಂದ ಅರೆಹೊಳಪು. ಈ ಪರೀಕ್ಷೆಗೆ ಖರ್ಚಾದದ್ದು ಒಂದು ಚಮಚ ಎಣ್ಣೆ.

ಅಳತೆಯ ವಿಷಯಕ್ಕೆ ಬಂದರೆ, ಕಟ್ಟೆಯಿಂದ 2 ಅಡಿ ಎತ್ತರಕ್ಕೆ ಒಟ್ಟು 16 ಅಡಿ ಉದ್ದ, ಕಿಟಕಿಗಾಗಿ 4 ಚದರ ಅಡಿ ಕಳೆದು, ಒಲೆಯ ಹಿಂದೆ ಇನ್ನೂ 2 ಅಡಿ ಮೇಲಕ್ಕೆ ಹೋಗಲು 9 ಚದರ ಅಡಿ ಕೂಡಿಸಿದರೆ 37 ಚದರ ಅಡಿ ಆಗುತ್ತದೆ. ನಾವು ಆರಿಸಿದ್ದು 300 × 450 ಮಿ.ಮೀ. ಅಳತೆಯ, ಅಂದರೆ ಗಾರೆಯವರು 12 × 18 ಎನ್ನುವ ಸೆರಾಮಿಕ್ ಟೈಲ್. ಆರು ಟೈಲ್‌ಗಳ ಪೆಟ್ಟಿಗೆ 8.72 ಚದರ ಅಡಿ ಮುಚ್ಚುತ್ತದೆ. ವಿಸ್ತೀರ್ಣದ ಲೆಕ್ಕದಲ್ಲಿ, ನೂರಕ್ಕೆ ಹತ್ತು ವ್ಯರ್ಥವೆಂದು ಸೇರಿಸಿದರೂ ಐದು ಪೆಟ್ಟಿಗೆ ಧಾರಾಳವಾಗಿ ಸಾಕು. ಆದರೆ ಟೈಲ್‌ಗಳನ್ನು ಎಣಿಸಬೇಕೇ ಹೊರತು ಚದರ ಅಡಿಯನ್ನಲ್ಲ. ಪೂರ್ವದ 6 ಅಡಿ ಗೋಡೆ 1829 ಮಿ.ಮೀ. ಇತ್ತು, ಒಂದು ತುದಿಯಿಂದ ನಾಲ್ಕು ಪೂರ್ತಿ ಟೈಲ್ ಕೂರಿಸಿದರೆ ಮೂಲೆಯಲ್ಲಿ ಸುಮಾರು ಒಂದು ಬೆರಳಿನ ಅಗಲದ ಚೂರು ಉಳಿಯುತ್ತಿತ್ತು. ಅಂಥ ಚೂರನ್ನು ಕತ್ತರಿಸುವುದೂ ಕಷ್ಟ, ಕತ್ತರಿಸಿ ಕೂರಿಸಿದರೆ ನೋಡುವುದೂ ಕಷ್ಟ. ಆದ್ದರಿಂದ ಮಧ್ಯದಲ್ಲಿ ಮೂರು ಪೂರ್ತಿ ಟೈಲ್, ಎರಡು ತುದಿಗೆ 9 ಇಂಚಿಗಿಂತ ತುಸು ದೊಡ್ಡ ತುಂಡುಗಳು ಎಂದು ಗೆರೆ ಎಳೆದೆ. ಮಧ್ಯದ ಮೂರು ಟೈಲ್‌ಗಳ ಅಗಲವೇ ಒಲೆಯ ಹಿಂದೆ ಮೇಲಕ್ಕೆ ಹೋಗುವ ಭಾಗದ ಅಗಲವೂ ಆದದ್ದರಿಂದ ಸಂದುಗಳು ಕೆಳಗಿನಿಂದ ಮೇಲಿನವರೆಗೆ ನೇರವಾಗಿ ಸಿಕ್ಕವು. ಆದರೆ ತುದಿಯ ಆ ಎರಡು ತುಂಡುಗಳು ಒಂದೇ ಟೈಲ್‌ನಿಂದ ಬರುವುದಿಲ್ಲ. ಸ್ವಲ್ಪದರಲ್ಲಿ ಸಾಲದಾಗುತ್ತದೆ. ಹೀಗೆ ಎಣಿಸಿದಾಗ 28 ಟೈಲ್ ಬೇಕಾದವು, ಐದು ಪೆಟ್ಟಿಗೆಯಲ್ಲಿದ್ದದ್ದು 30. ಕಿಟಕಿಯ ಕೆಳಗಿನ ಹಲಗೆಯ ಜಾಗಕ್ಕೆ ಎರಡು ಟೈಲ್ ಬೇಕೆಂಬುದನ್ನು ನಾನು ಲೆಕ್ಕದಲ್ಲಿ ಮರೆತಿದ್ದೆ.

ಗೋಡೆಯ ತಯಾರಿಯನ್ನು ಮೇಸ್ತ್ರಿಯೊಬ್ಬರು ನೋಡಿಕೊಂಡರು. ಎಣ್ಣೆಬಣ್ಣವನ್ನು ಪೂರ್ತಿ ಕೆರೆದು, ಸಾರಣೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದಾಗ ಸಿಂಕಿನ ಪಕ್ಕದಲ್ಲಿ ಎರಡು ಅಡಿಯಷ್ಟು ಜಾಗ ಟೊಳ್ಳು ಸದ್ದು ಮಾಡಿತು. ತೇವಕ್ಕೆ ಕಾರಣ ಮಳೆಯಲ್ಲ, ನಲ್ಲಿಯ ಹಿಂದಿನ ಕೊಳವೆಯ ಸಣ್ಣ ಸೋರಿಕೆ. ಅದನ್ನು ಸರಿಪಡಿಸಿ, ಆ ಭಾಗಕ್ಕೆ ಹೊಸ ಸಾರಣೆ ಹಾಕಿ, ನೀರುಣಿಸಿ, ಒಣಗಲು ಬಿಟ್ಟೆವು. ಮಳೆಗಾಲದ ಗಾಳಿಯಲ್ಲಿ ಅದು ಒಣಗಲು ಎರಡು ವಾರ ಹಿಡಿಯಿತು. ಬಣ್ಣದ ಪರೀಕ್ಷೆಗಳು ನಡೆದದ್ದು ಈ ಕಾಯುವ ಅವಧಿಯಲ್ಲಿಯೇ.

ಕೂರಿಸಲು ಸಿಮೆಂಟ್ ಪೇಸ್ಟ್ ಬದಲಿಗೆ ಚೀಲದಲ್ಲಿ ಬರುವ ಟೈಲ್ ಅಂಟನ್ನು ಬಳಸಿದೆವು. ಸಿಮೆಂಟಿನಲ್ಲಿ ಕೂರಿಸುವುದಾದರೆ ಸೆರಾಮಿಕ್ ಟೈಲನ್ನು ಮೊದಲು ನೀರಿನಲ್ಲಿ ನೆನೆಸಬೇಕು, ಇಲ್ಲವಾದರೆ ಅದರ ಬೆನ್ನು ಪೇಸ್ಟಿನ ನೀರನ್ನು ಹೀರಿಬಿಡುತ್ತದೆ. ಅಂಟಿಗೆ ನೆನೆಸುವ ಅಗತ್ಯವಿಲ್ಲ. ಹಲ್ಲುಕರಣೆಯಿಂದ ಗೆರೆ ಎಳೆದು, ಟೈಲನ್ನು ಒತ್ತಿ ಕೂರಿಸಿ, ಆರಂಭದಲ್ಲಿ ಒಂದನ್ನು ಕಿತ್ತು ನೋಡಿ ಬೆನ್ನಿನ ತುಂಬ ಅಂಟು ಹಿಡಿದಿದೆಯೇ ಎಂದು ಪರೀಕ್ಷಿಸಿದೆವು. 20 ಕೆ.ಜಿ.ಯ ಒಂದು ಚೀಲ ಸಾಕಾಯಿತು. ತೊಂದರೆ ಕೊಟ್ಟದ್ದು ಕಟ್ಟೆ: 10 ಅಡಿ ಉದ್ದದಲ್ಲಿ ಅದು ಸಿಂಕಿನ ಕಡೆಗೆ 6 ಮಿ.ಮೀ. ಇಳಿದಿತ್ತು. ರಸಮಟ್ಟದಿಂದ ಎಳೆದ ಗೆರೆಯೇ ಆಧಾರವೆಂದುಕೊಂಡು, ಇಳಿದ ಕಡೆ ಪೂರ್ತಿ ಟೈಲ್ ಇಟ್ಟು, ಎತ್ತರದ ಕಡೆಗೆ ಹೋದಂತೆ ಕೆಳ ಅಂಚನ್ನು ಗ್ರೈಂಡರಿನಲ್ಲಿ ಸವೆಸುತ್ತ ಬಂದೆ. ಕಟ್ಟೆಗೂ ಟೈಲ್‌ಗೂ ನಡುವೆ ಬಿಟ್ಟ 3 ಮಿ.ಮೀ. ಸಂದಿಗೆ ಕಪ್ಪು ಸಿಲಿಕೋನ್ ತುಂಬಿದ್ದರಿಂದ ಸವೆಸಿದ ಅಂಚು ಕಲ್ಲಿನ ನೆರಳಿನಲ್ಲಿ ಮರೆಯಾಯಿತು.

ಬರುವಾಗಲೇ ಎರಡು ಟೈಲ್‌ಗಳ ಮೂಲೆ ಮುರಿದಿತ್ತು, ಅವು ತುದಿಯ ತುಂಡುಗಳಿಗೆ ಉಪಯೋಗಕ್ಕೆ ಬಂದವು. ಮಿಕ್ಸಿಯ ಸ್ವಿಚ್ಚಿಗೆ ಚೌಕ ಕೊರೆಯುವಾಗ ಇನ್ನೊಂದು ಸೀಳಿತು. ಕಿಟಕಿಯ ಕೆಳಗಿನ ಜಾಗಕ್ಕೆ ಬಂದಾಗ ಕೈಯಲ್ಲಿ ಉಳಿದದ್ದು ಒಂದೇ. ಅಂಗಡಿಗೆ ಹೋಗಿ ಅದೇ ಹೆಸರಿನ ಇನ್ನೊಂದು ಪೆಟ್ಟಿಗೆ ತಂದೆ; ಪೆಟ್ಟಿಗೆಯ ಮೇಲಿನ ಶೇಡ್ ಸಂಖ್ಯೆ ಬೇರೆಯಾಗಿತ್ತು, ಅದನ್ನು ಓದದೆ ತಂದದ್ದು ನನ್ನದೇ ಅಜಾಗರೂಕತೆ. ಗೂಡಿನಲ್ಲಿ ಬೇರೆ ಬೇರೆ ಸರದಿಯಲ್ಲಿ ಸುಟ್ಟ ಟೈಲ್‌ಗಳ ಬಣ್ಣ ಎಳೆಯಷ್ಟು ವ್ಯತ್ಯಾಸವಾಗುವುದು ಸಹಜ, ಅದಕ್ಕಾಗಿಯೇ ಆ ಸಂಖ್ಯೆ ಇರುತ್ತದೆ. ಹೊಸದನ್ನು ಹಳೆಯದರ ಪಕ್ಕದಲ್ಲಿ ಹಿಡಿದಾಗ ಗುಲಾಬಿಯ ಎಳೆಯೊಂದು ಕಂಡಿತು. ಒಂದೇ ಗೋಡೆಯ ಮೇಲೆ ಅದನ್ನು ಹಾಕಿದ್ದರೆ ತೇಪೆಯಂತೆ ಕಾಣುತ್ತಿತ್ತು. ಕಿಟಕಿಯ ಕೆಳಗಿನದು ಮಲಗಿದ ಮೇಲ್ಮೈ; ನಿಂತ ಗೋಡೆಗಿಂತ ಅದಕ್ಕೆ ಹೇಗಿದ್ದರೂ ಬೇರೆ ಬೆಳಕು ಬೀಳುತ್ತದೆ. ಹೊಸ ಪೆಟ್ಟಿಗೆಯ ಎರಡು ಟೈಲ್‌ಗಳನ್ನು ಸೀಳಿ ಮೂರು ಪಟ್ಟಿ ಮಾಡಿ ಅಲ್ಲಿ ಮಾತ್ರ ಹಾಕಿದೆವು, ಹಳೆಯದನ್ನು ಬೆರೆಸಲಿಲ್ಲ. ಹೇಳದೆ ಇದ್ದರೆ ಈವರೆಗೆ ಯಾರೂ ಗುರುತಿಸಿಲ್ಲ.

ಸಂದು ತುಂಬುವ ಗ್ರೌಟಿನ ಬಣ್ಣವನ್ನು ಅನೇಕರು ಕೊನೆಯ ಗಳಿಗೆಯಲ್ಲಿ ಅಂಗಡಿಯವರಿಗೆ ಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಟೈಲ್‌ನಷ್ಟೇ ಕಾಳಜಿ ಅದಕ್ಕೂ ಬೇಕು, ಏಕೆಂದರೆ ಗ್ರೌಟ್ ಗೋಡೆಯ ಮೇಲೆ ಎಳೆದ ಚೌಕಗಳ ಚಿತ್ರ. ಕಪ್ಪು ಗ್ರೌಟ್ ಹಾಕಿದರೆ ಕಟ್ಟೆಗೆ ಹೊಂದುತ್ತದೆ, ಆದರೆ ಶಾಂತವಾದ ಗೋಡೆ ಲೆಕ್ಕದ ಪುಸ್ತಕದ ಹಾಳೆಯಂತಾಗುತ್ತದೆ. ಅಚ್ಚ ಬಿಳಿ ಹಾಕಿದರೆ ಟೈಲ್ ಹಳದಿಯೆಂಬುದು ಬಯಲಾಗುತ್ತದೆ. ಜೊತೆಗೆ ಅರಿಶಿನದ ಪ್ರಶ್ನೆಯಿದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿಯ ಕೆಂಪು ಬರುವುದು ಎಲ್ಲರೂ ಬಲ್ಲ ಸಂಗತಿ. ಸಿಮೆಂಟ್ ಗ್ರೌಟ್ ಕೂಡ ಸುಣ್ಣದಂತೆ ಕ್ಷಾರ, ಮೇಲಾಗಿ ಅದು ನೀರು ಹೀರುತ್ತದೆ, ಆದ್ದರಿಂದ ಹೊಸ ಗ್ರೌಟಿನ ಮೇಲೆ ಸಿಡಿದ ಸಾರು ಬರಿಯ ಹಳದಿ ಕಲೆಯಾಗದೆ ಕೆಂಗಂದು ಕಲೆಯಾಗುತ್ತದೆ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆಂಬುದು ನಿಜವಾದರೂ ನಮ್ಮ ಒಲೆಯ ಹಿಂದೆ ಬಿಸಿಲು ಬೀಳುವುದಿಲ್ಲ. ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹೀರುವುದಿಲ್ಲ, ಬೆಲೆ ಹೆಚ್ಚು. ಆದರೆ 2 ಮಿ.ಮೀ. ಸಂದಿನ ಇಷ್ಟು ಚಿಕ್ಕ ಗೋಡೆಗೆ ಒಂದು ಕೆ.ಜಿ.ಯ ಡಬ್ಬವೇ ಮಿಕ್ಕಿತು. ಟೈಲ್‌ಗಿಂತ ಒಂದು ಛಾಯೆ ಗಾಢವಾದ, ಒಣಗಿದ ಮರಳಿನ ಬಣ್ಣವನ್ನು ಆರಿಸಿದೆ. ಎಪಾಕ್ಸಿಯ ಎರಡು ಭಾಗಗಳನ್ನು ಕಲಸಿದ ಮೇಲೆ ಹೆಚ್ಚು ಸಮಯವಿರುವುದಿಲ್ಲ. ಸ್ವಲ್ಪ ಸ್ವಲ್ಪವೇ ಕಲಸಿ, ತುಂಬಿದ ಕೂಡಲೇ ಒದ್ದೆ ಸ್ಪಂಜಿನಿಂದ ಒರೆಸಿದೆ. ಸ್ವಿಚ್ಚಿನ ಕೆಳಗೆ ಒರೆಸಲು ಮರೆತ ಒಂದು ಅಂಗೈಯಗಲದ ಮಂಜು ಮಾತ್ರ ಈಗಲೂ ಓರೆಯಾಗಿ ನೋಡಿದರೆ ಕಾಣುತ್ತದೆ.

ಟೈಲ್‌ನ ಮೇಲಿನ ಗೋಡೆಗೆ ಬಣ್ಣವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಆರಿಸಿದೆವು. ಅಂಗಡಿಯಲ್ಲಿ ಸಿಗುವ ಕೆನೆಬಣ್ಣದ ಟೈಲ್‌ಗಳು ಹತ್ತಿಪ್ಪತ್ತು ಬಗೆಯವು, ಬಣ್ಣದ ಯಂತ್ರ ಕಲಸಿಕೊಡುವ ಛಾಯೆಗಳು ಸಾವಿರಾರು. ಬಣ್ಣವನ್ನು ಟೈಲ್‌ಗೆ ಹೊಂದಿಸುವುದು ಸುಲಭ, ಟೈಲನ್ನು ಬಣ್ಣಕ್ಕೆ ಹೊಂದಿಸುವುದಲ್ಲ. ಉಳಿದ ಟೈಲ್‌ಗಳು ಅಟ್ಟದ ಮೇಲಿವೆ. ಎರಡೂ ಪೆಟ್ಟಿಗೆಗಳಿಂದ ಶೇಡ್ ಸಂಖ್ಯೆಯಿದ್ದ ಭಾಗವನ್ನು ಕತ್ತರಿಸಿ, ಹಲಸಿನ ಕಪಾಟಿನ ಬಾಗಿಲಿನ ಒಳಬದಿಗೆ, ಗ್ಯಾಸ್ ಪುಸ್ತಕದ ಪಕ್ಕದಲ್ಲಿ ಅಂಟಿಸಿದ್ದೇನೆ.